ಅಜ್ಜಿಯ ತವರಿಗೆ ಕೆಂಪು ಚುಕ್ಕಿ

ನನಗೆ ಮೂವತ್ತೆರಡು ತುಂಬಿದರೂ ಹೆಣ್ಣು ಸಿಕ್ಕಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನೇನೋ ಸಮಾಜಸೇವೆಗೆಂದು ಆ ವೆಬ್‌ಸೈಟ್ ಮಾಡಿದೆ ಅಂದುಕೊಂಡೀರಿ. ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ಹಾಸನದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಹೊಳೆನರಸೀಪುರದಲ್ಲಿ ನಿವೃತ್ತ ಹೆಡ್‌ಮೇಷ್ಟ್ರೊಬ್ಬರು ತಮ್ಮ ಜಗುಲಿಯ ಮೇಲೆ ನಮ್ಮ ಜನರ ವಧೂವರರ ಮಾಹಿತಿ ಕೇಂದ್ರ ಇಟ್ಟಿದ್ದರು. ಕೇಂದ್ರ ಅಂದರೆ ಒಂದು ಬೆಂಚು, ಹನ್ನೊಂದು ಉದ್ದನೆಯ ನೋಟ್‌ಬುಕ್ಕು, ಅಷ್ಟೇ. ಅಮ್ಮ ಅಲ್ಲಿ ನನ್ನ ಹೆಸರು ಬರೆಸಿ ಮೂರು ವರ್ಷವಾಗಿತ್ತು. ಒಂದೇ ಒಂದು ಮನೆಯವರೂ ಈ ಕಡೆ ತಲೆ ಹಾಕಿರಲಿಲ್ಲ.

ಒಂದು ದಿನ ಮೇಷ್ಟ್ರೇ ಬಸ್ಸು ಹತ್ತಿ ಬಂದರು. ಇನ್ನು ನೋಟ್‌ಬುಕ್ಕು ಮುಚ್ಚುತ್ತೇನೆ, ಎಲ್ಲ ಇಂಟರ್‌ನೆಟ್ಟಿನಲ್ಲೇ ಆಗಲಿ, ನೀನು ಮಾಡಿಕೊಡು, ಮೊದಲ ಹೆಸರು ನಿನ್ನದೇ ಹಾಕೋಣ ಅಂದರು. ಆಸೆಗೆ ಬಿದ್ದು ಕೂಡಲೇ ಒಪ್ಪಿಕೊಂಡೆ.

ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಗೆರೆ ಎಳೆದು, ಒಂದು ಕಡೆ ‘ಬೇಕೇ ಬೇಕು’, ಇನ್ನೊಂದು ಕಡೆ ‘ಇದ್ದರೆ ಚೆಂದ’ ಎಂದು ಬರೆದೆ. ಮೇಷ್ಟ್ರು ಪೆನ್ನು ಕಿತ್ತುಕೊಂಡರು. ಗಿರಗಿರ ತಿರುಗುವ ಗಣಪತಿ ಬೇಕೇ ಬೇಕು. ಎರಡೂ ಪಕ್ಕ ಉರಿಯುವ ದೀಪ, ಮೇಲೆ ಓಡುತ್ತಲೇ ಇರುವ ಸುಸ್ವಾಗತ, ಪುಟ ತೆರೆದ ಕೂಡಲೇ ನಾದಸ್ವರ, ಇವೆಲ್ಲ ಬೇಕೇ ಬೇಕು. ಫೋಟೋ? ಇದ್ದರೆ ಚೆಂದ, ಮುಖ ಹೇಗೂ ಮನೆಗೆ ಹೋದಾಗ ಕಾಣುತ್ತದಲ್ಲ ಅಂದರು. ಹುಡುಗನ ಕೆಲಸ? ಅದೂ ಇದ್ದರೆ ಚೆಂದವಂತೆ. ‘ತೊಂದರೆಯಾದರೆ ಕರೆ ಮಾಡಿ’ ಎಂದು ಕ್ಲಾಸಿನ ಫೋನ್ ನಂಬರನ್ನು ನಾನೇ ಕೆಳಗೆ ಬರೆದೆ. ನನ್ನ ಕಡೆಯಿಂದ ಉಳಿದದ್ದು ಅದೊಂದೇ. ಅದನ್ನೂ ಹೊಡೆದುಹಾಕಲು ನೋಡಿದರು, ನಾನು ಹಾಳೆ ಮಡಿಸಿ ಜೇಬಿಗಿಟ್ಟೆ.

ತುಂಬಲೇಬೇಕಾದ ವಿವರಕ್ಕೆ ಕೆಂಪು ಚುಕ್ಕಿ ಇಡಬಹುದು ಎಂದು ಬಾಯಿ ತಪ್ಪಿ ಹೇಳಿದ್ದೇ ಹೇಳಿದ್ದು, ಫಾರಮ್ಮಿಗೆ ದಡಾರ ಎದ್ದ ಹಾಗಾಯಿತು. ಗೋತ್ರಕ್ಕೆ ಚುಕ್ಕಿ, ನಕ್ಷತ್ರಕ್ಕೆ ಚುಕ್ಕಿ. ಅಮ್ಮನ ಅಮ್ಮನ ತವರೂರಿಗೆ ಬಂದಾಗ ಎರಡು ಚುಕ್ಕಿ ಇಡು ಅಂದರು. ಅಲ್ಲಯ್ಯಾ, ಅಜ್ಜಿಗೂ ಮದುವೆಗೂ ಏನು ಸಂಬಂಧ ಎಂದು ನನಗೆ ಉರಿದುಹೋಯಿತು.

“ಆ ಊರಿಗೋಗಿ ಎರಡು ಮನೇಲಿ ಕಾಫಿ ಕುಡುದ್ರೆ ಸಾಕು ಕಣಪ್ಪ,” ಅಂದರು ಮೇಷ್ಟ್ರು. “ಮನೆತನ ಎಂಥದ್ದು ಅಂತ ತಾನಾಗೇ ಗೊತ್ತಾಯ್ತದೆ.”

ಬಾಯಿಗೆ ಬಂದ ಊರು ಬರೆಯುವಂತಿಲ್ಲ, ಪಟ್ಟಿಯಿಂದಲೇ ಆರಿಸಬೇಕು ಎಂದೂ ಆಯಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ತಾಲ್ಲೂಕಿನ ಊರುಗಳನ್ನು ಅವರು ಕ್ಲಾಸಿನ ಹಾಜರಿಯಂತೆ ಕೂಗಿದರು, ನಾನು ಕೀಬೋರ್ಡು ಕುಟ್ಟಿದೆ. ಮೊಸಳೆ ಎಂಬ ಊರಿನಿಂದ ಮಲ್ಲಿಪಟ್ಟಣಕ್ಕೆ ಬರುವಷ್ಟರಲ್ಲಿ ಬೆರಳು ಊದಿಕೊಂಡಿತ್ತು.

ಅಂತೂ ಸೈಟು ಎದ್ದಿತು. ನಮ್ಮ ಫೋನ್ ಲೈನಿನಲ್ಲಿ ಗಣಪತಿ ಕಿರೀಟದಿಂದ ಸೊಂಡಿಲಿಗೆ ಇಳಿಯುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಯುತ್ತಿತ್ತು. ಮೊದಲ ಫಾರಂ ನನ್ನದೇ ತುಂಬಿದೆ. ಎಲ್ಲ ಸರಿಯಾಗಿ, ಅಜ್ಜಿಯ ತವರಿನ ಹತ್ತಿರ ಬಂದು ನಿಂತೆ. ನನಗೆ ಗೊತ್ತೇ ಇರಲಿಲ್ಲ. ಮನೆಗೆ ಹೋಗಿ ಕೇಳಿದರೆ ಅಮ್ಮ ಅವರೆಕಾಯಿ ಸುಲಿಯುತ್ತಾ ತಲೆ ಕೂಡ ಎತ್ತಲಿಲ್ಲ.

“ಆ ಊರು ಇನ್ನೆಲ್ಲೈತ್ಲಾ? ಗೊರೂರು ಅಣೆಕಟ್ಟು ಕಟ್ದಾಗ್ಲೇ ಮುಳುಗೋಯ್ತು. ಮೇಷ್ಟ್ರು ನೋಟ್‌ಬುಕ್ಕಲ್ಲೂ ಅದಕ್ಕೇ ಖಾಲಿ ಬುಟ್ಟಿದ್ದೆ.”

ಮೂರು ವರ್ಷ ನನ್ನ ಪುಟವನ್ನು ಯಾರೂ ಯಾಕೆ ತೆರೆಯಲಿಲ್ಲ ಎಂದು ಆಗ ತಿಳಿಯಿತು. ಮೇಷ್ಟ್ರಿಗೆ ಫೋನ್ ಮಾಡಿ, ಊರು ಸೇರಿಸಲಾ ಎಂದು ಕೇಳಿದೆ. ನೀರೊಳಗಿನ ಊರಲ್ಲಿ ನಾನು ಯಾರ ಮನೆಯಲ್ಲಿ ಕಾಫಿ ಕುಡಿಯಲಿ, ಮೀನಿನ ಮನೆಯಲ್ಲಾ ಎಂದು ಫೋನ್ ಇಟ್ಟುಬಿಟ್ಟರು. ನನಗೆ ಅಳು ಬರುವಂತಾಯಿತು, ನಿಜವಾಗಲೂ. ಭಾನುವಾರ ಯಾರಿಗೂ ಹೇಳದೆ ಊರು ಸೇರಿಸಿಬಿಡುವುದೆಂದು ಗಟ್ಟಿ ಮಾಡಿಕೊಂಡೆ.

ಶನಿವಾರ ಕ್ಲಾಸಿನ ಫೋನ್ ರಿಂಗಾಯಿತು. ಚನ್ನರಾಯಪಟ್ಟಣದ ಹೈಸ್ಕೂಲ್ ಟೀಚರ್ ಒಬ್ಬರು, ಮದುವೆಗಿದ್ದ ಹುಡುಗಿ. ಬ್ರೌಸಿಂಗ್ ಸೆಂಟರಿನಲ್ಲಿ ಮೂರು ಸಲ ನಮ್ಮ ಸೈಟು ತೆರೆದಿದ್ದರಂತೆ. ಮೂರು ಸಲವೂ ನಾದಸ್ವರ ಮೊಳಗಿ, ಇವರು ಗಂಡು ಹುಡುಕುತ್ತಿರುವುದು ಅಲ್ಲಿದ್ದವರಿಗೆಲ್ಲ ಗೊತ್ತಾಗಿಹೋಗಿತ್ತು. ಮರ್ಯಾದೆ ಕಳೆದುಕೊಂಡರೂ ಫಾರಂ ಹೋಗಲಿಲ್ಲ, ಅಜ್ಜಿಯ ಊರು ನಿಮ್ಮ ಪಟ್ಟಿಯಲ್ಲಿಲ್ಲ ಎಂದು ಹಿಗ್ಗಾಮುಗ್ಗಾ ಬೈದರು. ಯಾವ ಊರು ಎಂದು ಕೇಳಿದೆ. ಅವರು ಹೇಳಿದ್ದು ನಮ್ಮಜ್ಜಿಯ ಊರು.

ಅದನ್ನು ಮಾತ್ರ ಅವರಿಗೆ ಹೇಳಲಿಲ್ಲ. ಉಳಿದ ವಿವರ ಹೇಳಿ, ಬರೆದುಕೊಳ್ಳುತ್ತೇನೆ ಅಂದೆ. ಗೋತ್ರ ಬೇರೆ, ವಯಸ್ಸು ಇಪ್ಪತ್ತೆಂಟು. ಬೈಯುವಾಗಲೂ ಅವರು ಒಂದು ಮಾತನ್ನು ಎರಡು ಸಲ ಆಡಲಿಲ್ಲ, ನನಗೆ ಅಲ್ಲೇ ಇಷ್ಟವಾಗಿಬಿಟ್ಟರು. ಊರು ಸೇರಿಸಿದರೆ ನನ್ನ ಫಾರಂ ಹೋಗುತ್ತದೆ ನಿಜ, ಆದರೆ ಅವರದ್ದೂ ಹೋಗುತ್ತದೆ. ಹನ್ನೊಂದು ನೋಟ್‌ಬುಕ್ಕಿನ ಎಂಜಿನಿಯರುಗಳು, ಬ್ಯಾಂಕಿನವರು, ಎಲ್ಲ ಅವರನ್ನು ನೋಡುತ್ತಾರೆ. ಬಟ್ಟೆ ಅಂಗಡಿ ಮೇಲಿನವನನ್ನು ಆಮೇಲೆ ಯಾರು ಕೇಳುತ್ತಾರೆ? ಸರ್ವರ್ ಕೆಟ್ಟಿದೆ, ಮುಂದಿನ ವಾರ ಆಗುತ್ತದೆ ಎಂದು ಸುಳ್ಳು ಬಿಟ್ಟೆ.

ಮುಂದಿನ ವಾರ ವೈರಸ್ ಬಂತು. ಅದರ ಮುಂದಿನ ವಾರ ಕರೆಂಟು ಹೋಯಿತು. ಅವರು ಶನಿವಾರ ತಪ್ಪದೆ ಫೋನ್ ಮಾಡುತ್ತಿದ್ದರು, ನಾನು ಶುಕ್ರವಾರದಿಂದಲೇ ಕಾಯುತ್ತಿದ್ದೆ. ನಾಲ್ಕನೇ ಶನಿವಾರ ಅವರು ಬೈಯಲಿಲ್ಲ. ನನಗೆ ಹೆದರಿಕೆಯಾಗಿದ್ದೇ ಆಗ.

“ಸಾರ್, ಒಂದು ಊರು ಸೇರ್ಸೋದು ಎರಡು ನಿಮಿಷದ ಕೆಲಸ. ಸ್ಕೂಲಲ್ಲಿ ಕಂಪ್ಯೂಟರ್ ಹೇಳ್ಕೊಡೋದು ನಾನೇ. ಯಾಕೆ ಸೇರಿಸ್ತಿಲ್ಲ, ನಿಜ ಹೇಳಿ.”

ಮೂರು ವಾರದಿಂದ ಸುಳ್ಳು ಹೇಳಿ ಹೇಳಿ ಹೊಸದೊಂದು ಹೊಳೆಯಲೂ ಇಲ್ಲ.

“ನಮ್ಮಜ್ಜೀದೂ ಅದೇ ಊರು,” ಅಂದೆ. “ನನ್ನ ಫಾರಮ್ಮೂ ಹೋಗಿಲ್ಲ. ನಿಮ್ಮದು ಹೋಗೋದು ನಂಗಿಷ್ಟ ಇಲ್ಲ.”

ಆ ಕಡೆ ಒಂದು ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು.

“ಹಾಗಾದ್ರೆ ಸೇರಿಸ್ಬೇಡಿ,” ಅಂದರು. “ನಾಳೆ ನಿಮ್ಮಮ್ಮನ್ನ ಕರ್ಕೊಂಡು ಮನೆಗೆ ಬನ್ನಿ. ಆ ನಾದಸ್ವರ ಮಾತ್ರ ಇವತ್ತೇ ತೆಗೀರಿ.”