ತೊಗರಿ ಎಲೆಯ ಒಗರು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನನ್ನ ಅಳತೆ ತಪ್ಪು ಅಂತ ಯಾರಾದರೂ ಅಂದರಂತೂ ಮುಗಿಯಿತು. ಮಾದನಹಿಪ್ಪರಗಾದ ಒಬ್ಬ ಮುದುಕಿ ಅದನ್ನೇ ಅಂದಳು. ಅವಳನ್ನು ನಾನು ಆಯಿ ಎಂದು ಕರೆಯುತ್ತಿದ್ದೆ.

ಆಗ ನಾನು ಆಳಂದದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಮೇವಿನ ಸೊಪ್ಪುಗಳ ಟ್ಯಾನಿನ್ ಅಳೆಯುತ್ತಿದ್ದೆ. ಟ್ಯಾನಿನ್ ಅಂದರೆ ಎಲೆಯೊಳಗಿನ ಒಗರು. ದನಕ್ಕೆಂದು ಬೆಳೆಯುವ ಕುದುರೆ ಮಸಾಲೆ ಸೊಪ್ಪಿನಲ್ಲಿ ಅದು ಇಲ್ಲವೆಂದೇ ಹೇಳಬೇಕು. ದನ ಆಸೆಪಟ್ಟು ಹಸಿಸೊಪ್ಪು ತಿಂದರೆ ಹೊಟ್ಟೆಯಲ್ಲಿ ನೊರೆ ಕಟ್ಟಿ, ಗಾಳಿ ಹೊರಬರದೆ ಎಡಪಕ್ಕೆ ಉಬ್ಬುತ್ತದೆ. ಜೊತೆಗೆ ಒಗರು ಸೊಪ್ಪಿದ್ದರೆ ನೊರೆ ಅಷ್ಟು ಕಟ್ಟುವುದಿಲ್ಲ.

ಆಯಿಯ ಒಂದು ಎಮ್ಮೆ ಹಾಗೇ ಉಬ್ಬಿ ಸತ್ತಿತ್ತು. ಉಳಿದದ್ದು ಒಂದೇ. ಬೆಳಿಗ್ಗೆ ಅದರ ಎಡಪಕ್ಕೆಗೆ ಅಂಗೈ ಇಟ್ಟು ನೋಡದೆ ಅವಳು ಚಹಾ ಮುಟ್ಟುತ್ತಿರಲಿಲ್ಲ. ಬಾವಿ ಪಕ್ಕ ಕುದುರೆ ಮಸಾಲೆ ಸೊಂಪಾಗಿ ನಿಂತಿದ್ದರೂ ಕೊಯ್ಯಲು ಕೈ ಬರುತ್ತಿರಲಿಲ್ಲ. ಬರೀ ಜೋಳದ ಒಣದಂಟು, ಕಣಕಿ ತಿಂದು ಎಮ್ಮೆ ಬಡಕಲಾಗಿತ್ತು.

“ತೊಗರಿ ತಪ್ಪಲ ಕೂಡಿಸಿ ಹಾಕ್ಲೇನ ಯವ್ವಾ?” ಎಂದು ಕೇಳಿದಳು.

ಎಲೆ ತಂದು ಒಣಗಿಸಿ, ಪುಡಿ ಮಾಡಿ, ಆಮ್ಲ ಹಾಕಿ ಕಾಯಿಸಿದೆ. ಒಗರಿದ್ದರೆ ದ್ರಾವಣ ಕೆಂಪಾಗಬೇಕು. ಆಗಲಿಲ್ಲ. ಮರುವಾರ ಬಸ್ಸು ಹತ್ತಿ ಹೋಗಿ, “ತೊಗರಿಯಾಗ ಏನೂ ಇಲ್ರಿ ಆಯಿ” ಎಂದೆ.

ಅವಳು ಎರಡು ಎಲೆ ಕಿತ್ತು ಅಗಿದಳು. “ನಾಲಿಗಿ ಹಿಡ್ಯಾಕತ್ತೈತಿ. ನಿನ್ನ ಮಷೀನಿಗೆ ನಾಲಿಗಿ ಇಲ್ಲೇನು?”

“ನಾಲಿಗಿ ನಂಬಿ ಈ ಎಮ್ಮಿನೂ ಕಳ್ಕೋತೀರೇನ್ರಿ?” ಅಂದುಬಿಟ್ಟೆ. ಅವಳ ಮುಖ ಸಣ್ಣಗಾಯಿತು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಆದರೂ ನಾನು ಹೊರಡುವಾಗ ಅವಳು ಒಂದು ತೊಗರಿ ಟೊಂಗೆ ಮುರಿದು ನನ್ನ ಚೀಲಕ್ಕೆ ತುರುಕಿ, “ನೀನೇ ತಿಂದು ನೋಡು” ಎಂದಳು.

ಆಳಂದಕ್ಕೆ ಬಂದು ತಿಂದೆ. ನಾಲಿಗೆ ಹಿಡಿಯಿತು. ಉಳಿದಿದ್ದ ಒಣ ಎಲೆಯನ್ನೂ ಬಾಯಿಗೆ ಹಾಕಿಕೊಂಡೆ. ಸಪ್ಪೆ ಹುಲ್ಲು. ಆಗ ಎಲೆ ಒಣಹಾಕಿದ್ದ ಮಾಳಿಗೆ ನೆನಪಾಯಿತು. ನಮ್ಮ ಕಡೆ ಮೆಣಸಿನಕಾಯಿ, ಶಾವಿಗೆ, ಹಪ್ಪಳ, ಹಾಸಿಗೆ ಎಲ್ಲಕ್ಕೂ ಬಿಸಿಲೇ ಗತಿ. ಎಲೆಯನ್ನು ನೆರಳಲ್ಲಿ ಒಣಗಿಸಬೇಕೆಂದು ಓದಿದ್ದರೂ, ಅಲ್ಲಿನ ಸುಡುವ ಫರಶಿ ಕಲ್ಲಿನ ಮೇಲೆ ಹರವಿಬಿಟ್ಟಿದ್ದೆ. ಕಾವಿಗೆ ಒಗರು ಎಲೆಗೇ ಅಂಟಿಕೊಂಡು ದ್ರಾವಣಕ್ಕೆ ಇಳಿದೇ ಇರಲಿಲ್ಲ.

ಹೊಸ ಎಲೆ ತರಿಸಿ ನೆರಳಲ್ಲಿ ಒಣಗಿಸಿ ಮತ್ತೆ ಕಾಯಿಸಿದೆ. ಕೆಂಪಾಯಿತು. ಒಬ್ಬಳೇ ನಕ್ಕೆ.

“ತಪ್ಪು ನಂದೇ ರಿ ಆಯಿ” ಎಂದು ಹೋಗಿ ಒಪ್ಪಿಕೊಂಡೆ.

“ನನ್ನ ಮುಂದ್ಯಾಕ? ಎಮ್ಮಿಗೆ ಹೇಳು” ಎಂದಳು.

ಮೊದಲು ಕಣಕಿ ತಿನ್ನಿಸಿ, ಇಬ್ಬನಿ ಆರಿದ ಮೇಲೆ ಕೊಯ್ದ ಕುದುರೆ ಮಸಾಲೆಗೆ ತೊಗರಿ ಎಲೆ ಬೆರೆಸಿ ಒಂದು ಹಿಡಿ ಹಾಕಿದೆವು. ಇಬ್ಬರೂ ಪಕ್ಕೆಗೆ ಕೈಯಿಟ್ಟು ಮಧ್ಯಾಹ್ನದವರೆಗೆ ಕೂತೆವು. ಏನೂ ಆಗಲಿಲ್ಲ. ದಿನಕ್ಕಿಷ್ಟು ಹೆಚ್ಚಿಸುತ್ತಾ ಹೋದಳು.

ತಿಂಗಳು ಕಳೆದು ಒಂದು ಬೆಳಿಗ್ಗೆ ಹೋದಾಗ ಆಯಿ ಒಳಗೆ ಚಹಾ ಕುಡಿಯುತ್ತಿದ್ದಳು.

“ಎಮ್ಮಿ ಮುಟ್ಟಿ ನೋಡಿದ್ರೇನ್ರಿ?”

“ಮರ್ತೆ ಬೇ. ನೀ ಅಳದೀಯಲ್ಲ.”

 ನಾನು ಚಪ್ಪಲಿಯನ್ನೂ ಮೆಟ್ಟದೆ ಕೊಟ್ಟಿಗೆಗೆ ಓಡಿ ಎಮ್ಮೆಯ ಎಡಪಕ್ಕೆಗೆ ಅಂಗೈ ಇಟ್ಟೆ. ಮೆತ್ತಗಿತ್ತು.