ನನ್ನ ಎದೆ ಬಿಗಿತ ಮತ್ತು ಹೆಂಡತಿಯ ಗುಟ್ಟಿನ ಫೋನ್

"ಅವರಿಗೆ ಗೊತ್ತಾಗೂದು ಬ್ಯಾಡ. ಗುರುವಾರ ಅವರು ಆಫೀಸಿಗೆ ಹೋದಮ್ಯಾಲೆ ನೀನ ಮಾಡಿ ಮುಗಿಸಿಬಿಡು."

ಅಡುಗೆಮನೆಯಲ್ಲಿ ಹೆಂಡತಿ ಫೋನಿನಲ್ಲಿ ಹೇಳುತ್ತಿದ್ದಳು. ಆ ಕಡೆ ನನ್ನ ತಮ್ಮ. ನಾನು ಒಳಗೆ ಕಾಲಿಟ್ಟದ್ದೇ ಮಾತು ಸಾಬುದಾಣಿ ಖಿಚಡಿಯ ಕಡೆ ಹೊರಳಿತು.

ಒಂದು ವರ್ಷದಿಂದ ನನಗೆ ಎದೆ ಬಿಗಿಯುತ್ತದೆ, ನಿದ್ದೆ ಬರುವುದಿಲ್ಲ. ವಿಮಾನ ನಗರದ ಆಫೀಸಿನ ಎಸಿಯಲ್ಲೂ ಬೆವರುತ್ತೇನೆ. ಮೂವರು ಡಾಕ್ಟರು ನೋಡಿ, ಎಲ್ಲ ನಾರ್ಮಲ್ ಅಂದರು.

ಇಷ್ಟೊಂದು ನಾರ್ಮಲ್ ಯಾರಿಗಿರುತ್ತದೆ, ಹೇಳಿ? ಏನೋ ದೊಡ್ಡದೇ ಇದೆ, ಇವಳಿಗೆ ಮಾತ್ರ ಹೇಳಿದ್ದಾರೆ ಎಂದುಕೊಂಡೆ.

ಅವಳು ಸ್ನಾನಕ್ಕೆ ಹೋದಾಗ ಬ್ಯಾಗ್ ತೆಗೆದು ನೋಡಿದೆ. ತಪ್ಪು, ಗೊತ್ತು.

ರಿಪೋರ್ಟ್ ಸಿಗಲಿಲ್ಲ. ಒಂದು ಚೀಟಿ ಸಿಕ್ಕಿತು... ದರ್ಭೆ, ಕರಿ ಎಳ್ಳು, ಬಾಳೆ ಎಲೆ, ಭಟ್ಟರ ನಂಬರ್.

ನಾನಿನ್ನೂ ಉಸಿರಾಡುತ್ತಿದ್ದೇನೆ, ಇವರಿಗೆ ಇಷ್ಟು ಅವಸರವೇ!

ಅವಳು ಹೊರಗೆ ಬಂದ ಕೂಡಲೇ ಚೀಟಿ ಮುಂದೆ ಹಿಡಿದೆ.

"ಗುರುವಾರ ಮಾವನೋರ ವರ್ಷದ ಶ್ರಾದ್ಧ ಅದರಿ. ನಿಮ್ಮ ಮುಂದ ಹೆಂಗ ಹೇಳೂದು? ಅವರ ಹೆಸರು ತಗದ್ರ ಸಾಕು, ಎದ್ದು ಹೊರಗ ಹೋಗ್ತೀರಿ. ಹಿರೇ ಮಗ ಇದ್ದೂ ತಮ್ಮ ಪಿಂಡ ಇಡೂಹಂಗ ಆತು ನೋಡ್ರಿ."

ಚೀಟಿ ಮಡಚಿ ಅವಳ ಕೈಗೆ ಕೊಟ್ಟೆ.

ಅಪ್ಪನ ಫೋಟೊ ಕಪಾಟಿಗೆ ಸೇರಿಸಿದವನು ನಾನೇ. ಅವರು ದಿನಾ ಚಹಾ ಕುಡಿಯುತ್ತಿದ್ದ ಕ್ಯಾಂಪ್ ಪೇಟೆಯ ಹೋಟೆಲ್ ಕಣ್ಣಿಗೆ ಬೀಳಬಾರದೆಂದು ಸುತ್ತುಹಾಕಿ ಹೋಗುತ್ತೇನೆ. ಅಳು ಬಂದರೆ ಟಿವಿ ಜೋರು ಮಾಡುತ್ತೇನೆ. ತಿಥಿ ಯಾವತ್ತು ಎಂದು ಪಂಚಾಂಗ ಕೂಡ ನೋಡಿರಲಿಲ್ಲ.

ನೆನೆಯದಿದ್ದರೆ ನೋವಾಗದು ಎಂದು ನಂಬಿದ್ದೆ. ಬಿಗಿತ ಶುರುವಾದದ್ದೂ ಅಪ್ಪ ಹೋದ ಮೇಲೆಯೇ... ಎರಡನ್ನೂ ಸೇರಿಸಿ ನೋಡುವ ಧೈರ್ಯ ಮಾತ್ರ ಬಂದಿರಲಿಲ್ಲ.

ಗುರುವಾರ ರಜೆ ಹಾಕಿದೆ. ಕೊಂಢವಾ ಬಡಾವಣೆಯ ತಮ್ಮನ ಮನೆಯಲ್ಲಿ ಶ್ರಾದ್ಧಕ್ಕೆ ನಾನೇ ಕೂತೆ.

ಇಲ್ಲಿನ ಭಟ್ಟರು, ಮರಾಠಿಯಲ್ಲಿ ಅಪ್ಪನ ಹೆಸರು ಕೇಳುತ್ತಾರೆ. ಎದೆ ಹಿಡಿದುಕೊಳ್ಳುತ್ತದೆ, ಎದ್ದು ಓಡಬೇಕು ಅನ್ನಿಸುತ್ತದೆ. ನನ್ನ ಬದಲು ಹೇಳಲು ತಮ್ಮ ಬಾಯಿ ತೆರೆಯುತ್ತಾನೆ.

"ತಡಿಯೋ, ನಾ ಹೇಳ್ತೀನಿ."

ಹೇಳಿದೆ. ಒಂದು ವರ್ಷದ ನಂತರ. ಆಮೇಲೆ ಎಲ್ಲರ ಮುಂದೆ ಗಳಗಳ ಅತ್ತೆ, ನಾಚಿಕೆಯಾಗಲಿಲ್ಲ.

ಬಿಗಿತ ಪೂರ್ತಿ ಹೋಗಿಲ್ಲ. ಆದರೆ ಈಗ ನನ್ನ ಅನುಮಾನ ಡಾಕ್ಟರ ಮೇಲಲ್ಲ, ನನ್ನ ಮೇಲೆ.

ನಿಮ್ಮ ಮುಂದೆ ಯಾರ ಹೆಸರು ತೆಗೆಯಲು ಮನೆಯವರು ಅಂಜುತ್ತಾರೆ, ಒಮ್ಮೆ ಕೇಳಿ ನೋಡಿದ್ದೀರಾ?