ಚಪ್ಪಾಳೆ ತಟ್ಟಿದ ಮಧ್ಯಾಹ್ನ

ಕಳೆದ ವಾರ ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಚೀಲದಿಂದ ಒಂದು ಪುಟ್ಟ ಶೀಶೆ ತೆಗೆದು, ಕರವಸ್ತ್ರಕ್ಕೆ ಎರಡು ಹನಿ ನೀಲಗಿರಿ ಎಣ್ಣೆ ಹಾಕಿಕೊಂಡು ಮೂಗಿಗೆ ಹಿಡಿದರು. ಮುಂದಿನ ಸೀಟಿನವರು ಕೆಮ್ಮಿದರು, ಯಾರೋ ಕಿಟಕಿ ಸರಿಸಿದರು. ನಾನು ಮಾತ್ರ ಕೂತಲ್ಲೇ ಕಲ್ಲಾದೆ. ಒಂಬತ್ತು ವರ್ಷದ ಹಿಂದೆ ಐದು ದಿನ ಇದೇ ವಾಸನೆ ನನ್ನ ಎದುರಿಗೆ ಎರಡನೇ ಸಾಲಿನಲ್ಲಿ ಕೂತಿತ್ತು... ಇಳಿಯಬೇಕಾದ ಸ್ಟಾಪು ದಾಟಿ ಹೋದದ್ದೂ ನನಗೆ ಗೊತ್ತಾಗಲಿಲ್ಲ.

ಆಗ ನಾನು ಮನಸ್ಸಿನ ಆರೋಗ್ಯದ ಬಗ್ಗೆ ಹಳ್ಳಿಗಳಲ್ಲಿ ಅರಿವು ಮೂಡಿಸುವ ಒಂದು ಯೋಜನೆಯಲ್ಲಿ ಕೆಲಸಕ್ಕಿದ್ದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಇಷ್ಟು ನಮ್ಮ ಓಡಾಟ. ಹಳ್ಳಿಯವರ ಕೈಗೆ ಮನೋವೈದ್ಯರು ಸಿಗುವುದು ಕಷ್ಟ. ಆದ್ದರಿಂದ ಆಶಾ ಕಾರ್ಯಕರ್ತೆಯರಿಗೇ ತರಬೇತಿ ಕೊಡುವುದು, ಯಾವ ಮನೆಯಲ್ಲಿ ಯಾರು ಒಳಗೊಳಗೇ ನರಳುತ್ತಿದ್ದಾರೆ ಎಂದು ಅವರು ಗುರುತಿಸಿ ಆಸ್ಪತ್ರೆಗೆ ಕಳಿಸುವುದು, ಅದರಿಂದ ಏನು ಉಪಯೋಗವಾಯಿತು ಎಂದು ನಾವು ಸಂಶೋಧನೆ ಮಾಡಿ ಬರೆಯುವುದು. ನಾನು ಎಂ.ಎಸ್.ಡಬ್ಲ್ಯೂ. ಮುಗಿಸಿ ಎರಡು ವರ್ಷವಾಗಿತ್ತು. ಪುಸ್ತಕದ ಬದನೆಕಾಯಿ ಸಾರಿಗೆ ಬರುವುದಿಲ್ಲ ಅನ್ನುವುದು ಇನ್ನೂ ತಿಳಿದಿರಲಿಲ್ಲ. ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು, ನನಗಿಂತ ಹದಿನೈದು ವರ್ಷ ದೊಡ್ಡವರಾದ ಹೆಂಗಸರಿಗೆ ದುಃಖ ಅಂದರೇನು ಎಂದು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ.

ತರಬೇತಿ ನಡೆದದ್ದು ಕೆ.ಆರ್. ಪೇಟೆಯ ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ. ಇಪ್ಪತ್ತೆರಡು ಜನ ಬಂದಿದ್ದರು. ಅವರಲ್ಲಿ ಶೀಳನೆರೆ ಕಡೆಯ ಒಬ್ಬ ಆಶಾ ಕಾರ್ಯಕರ್ತೆ ಇದ್ದರು. ಎಲ್ಲರೂ ಅವರನ್ನು ಅಕ್ಕ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಲವತ್ತರ ಆಸುಪಾಸು, ಗುಂಗುರು ಕೂದಲು, ಗುಲಾಬಿ ಸೀರೆಯ ಸೆರಗಿನ ತುದಿಯಲ್ಲಿ ಕರವಸ್ತ್ರ, ಕರವಸ್ತ್ರದಲ್ಲಿ ನೀಲಗಿರಿ ಎಣ್ಣೆ. ತಲೆನೋವು ಎನ್ನುತ್ತಿದ್ದರು. ಪದೇಪದೇ ತಲೆನೋವು ಎಂದು ಬರುವವರ ಹಿಂದೆ ಇನ್ನೇನಿದೆ ನೋಡಿ ಎಂದು ಮೊದಲನೇ ದಿನವೇ ಬೋರ್ಡಿನ ಮೇಲೆ ಬರೆದವಳು ನಾನೇ. ಬರೆದು, ಅಡಿಗೆರೆಯನ್ನೂ ಎಳೆದಿದ್ದೆ.

ಅಕ್ಕ ಇದ್ದ ಕಡೆ ನಗು. ಪೋಲಿಯೋ ಹನಿ ಹಾಕಿಸಲು ಒಪ್ಪದ ಅತ್ತೆಯಿಂದ ಹಿಡಿದು, ಚೀಟಿಯ ಮೇಲಿಂದ ಕಣ್ಣೇ ಎತ್ತದ ಡಾಕ್ಟರ ತನಕ ಎಲ್ಲರನ್ನೂ ಅನುಕರಿಸುತ್ತಿದ್ದರು. ನನ್ನನ್ನೂ ಬಿಡಲಿಲ್ಲ. ನಾನು ಮಾತಿಗೊಮ್ಮೆ ‘ಅಂದರೆ ಏನಪ್ಪಾ ಅಂದ್ರೆ’ ಅನ್ನುವುದನ್ನು ಎರಡನೇ ದಿನಕ್ಕೇ ಹಿಡಿದುಕೊಂಡು, ಊಟದ ಸಾಲಿನಲ್ಲಿ ಮಾಡಿ ತೋರಿಸಿ ನಾನೇ ನಕ್ಕು ಬಗ್ಗುವಂತೆ ಮಾಡಿದರು. ಪಾಠದಲ್ಲೂ ಅವರೇ ಚುರುಕು. ಖಿನ್ನತೆ ಎನ್ನುವ ಪದವನ್ನು ನಾನು ಐದು ಸಲ ವಿವರಿಸಿ ಸೋತಾಗ ಅಕ್ಕ ಕೂತಲ್ಲಿಂದಲೇ ಹೇಳಿದರು: “ಅಂಗಂದ್ರೆ ಊರಲ್ಲಿ ಯಾರ್ಗೂ ತಿಳಿಯಾಕಿಲ್ಲ ಮೇಡಮ್ಮೋರೆ. ಮನ್ಸು ಕುಂತೋಗದೆ ಅನ್ನಿ, ಎಲ್ರಿಗೂ ಗೊತ್ತಾಯ್ತದೆ.” ಆ ಮಾತು ಇವತ್ತಿಗೂ ನಮ್ಮ ತರಬೇತಿಯ ಹಾಳೆಗಳಲ್ಲಿದೆ. ಎಲ್ಲಿಂದ ಬಂತು ಈ ಮಾತು ಎಂದು ಅವತ್ತು ನಾನು ಕೇಳಲಿಲ್ಲ, ಬರೆದುಕೊಂಡೆ.

ನಾಲ್ಕನೇ ದಿನ ಮಧ್ಯಾಹ್ನ ಪಾತ್ರಾಭಿನಯ. ಇಂಥ ತರಬೇತಿಗಳಲ್ಲಿ ಅದು ಇದ್ದದ್ದೇ. ಒಬ್ಬರು ರೋಗಿ, ಇನ್ನೊಬ್ಬರು ಆಶಾ. ಮನೆಗೆ ಹೋಗಿ ಮಾತಾಡಿಸುವುದು ಹೇಗೆ ಎಂದು ಆಡಿ ತೋರಿಸಬೇಕು. ಡಬ್ಬಿಯಲ್ಲಿ ಮಡಿಚಿಟ್ಟ ಚೀಟಿಗಳಿದ್ದವು. ಪ್ರತಿ ಚೀಟಿಯಲ್ಲಿ ಒಬ್ಬ ರೋಗಿಯ ವಿವರ. ಮೊದಲು ಯಾರು ಎಂದಾಗ ಎಲ್ಲರೂ ಅಕ್ಕನನ್ನೇ ಮುಂದಕ್ಕೆ ತಳ್ಳಿದರು. ಹೇಗೆ ಕೇಳಬೇಕೆಂದು ತೋರಿಸಲು ಆಶಾ ಪಾತ್ರ ನಾನೇ ಮಾಡಿದೆ. ಅಕ್ಕ ಚೀಟಿ ಎತ್ತಿ, ಬಿಡಿಸಿ ನೋಡಿ, ಮತ್ತೆ ಮಡಿಚಿ ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತರು.

ಇವರು ಯಾರನ್ನು ಅನುಕರಿಸುತ್ತಾರೋ ಎಂದು ಹೆಂಗಸರು ಆಗಲೇ ನಗಲು ತಯಾರಾಗಿದ್ದರು. ಅಕ್ಕ ಯಾರನ್ನೂ ಅನುಕರಿಸಲಿಲ್ಲ. ದನಿ ಇಳಿಸಿ ಮಾತಾಡಿದರು. ಅಡುಗೆಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರುವುದಿಲ್ಲ, ಹಸು ಕೂಗಿದರೂ ಎದ್ದು ಹೋಗಲು ಕಾಲು ಬರುವುದಿಲ್ಲ, ಯಾರಾದರೂ ಚೆನ್ನಾಗಿದ್ದೀಯಾ ಎಂದರೆ ಚೆನ್ನಾಗಿದ್ದೀನಿ ಅನ್ನುವುದಕ್ಕೇ ಸುಸ್ತಾಗುತ್ತದೆ ಎಂದರು. ನಾನು ಪ್ರಶ್ನೆಗಳ ಹಾಳೆ ನೋಡಿಕೊಂಡು, ನಿದ್ದೆ ಹೇಗಿದೆ ಎಂದು ಕೇಳಿದೆ.

“ನಿದ್ದೆ ನಮ್ಮನೆ ದಾರಿ ಮರ್ತೋಗದೆ ಕಣಿ ಮೇಡಮ್ಮೋರೆ. ಗಡಿಯಾರ ನೋಡ್ದಷ್ಟೂ ಹೊತ್ತೇ ಹೋಗಾಕಿಲ್ಲ. ಅದ್ಕೇ ಅದ್ರ ಮಕಾನ ಗ್ವಾಡೆ ಕಡೀಕೆ ತಿರುಗ್ಸಿ ನೇತಾಕಿವ್ನಿ.”

ನನ್ನ ಹಾಳೆಯಲ್ಲಿ ಕೊನೆಯ ಪ್ರಶ್ನೆ ಉಳಿದಿತ್ತು. ಬದುಕೇ ಬೇಡ ಅನ್ನಿಸುತ್ತದೆಯೇ ಎಂದು ಕೇಳುವ ಪ್ರಶ್ನೆ. ನಮ್ಮ ಕಡೆ ಅದನ್ನು ಕೇಳಲು ನಾಲಿಗೆ ಏಳುವುದಿಲ್ಲ. ಅಶುಭ ಆಡಿದರೆ ಮೇಲಿನ ದೇವತೆಗಳು ಅಸ್ತು ಅಂದುಬಿಡುತ್ತಾರೆಂಬ ಭಯ. ಕೇಳಿದರೆ ಏನೂ ಆಗುವುದಿಲ್ಲ, ಕೇಳದಿದ್ದರೇ ಕಷ್ಟ ಎಂದು ಹಿಂದಿನ ದಿನ ಪೂರ್ತಿ ಬಡಕೊಂಡಿದ್ದೆ. ಆದ್ದರಿಂದ ಜಂಬದಿಂದಲೇ, ಎಲ್ಲರಿಗೂ ಕೇಳುವಂತೆ, ಸ್ಪಷ್ಟವಾಗಿ ಕೇಳಿದೆ.

“ಅನ್ನಿಸ್ತದೆ,” ಅಂದರು ಅಕ್ಕ. “ದಿನಾ ಬೆಳಿಗ್ಗೆ ಎದ್ದು ಬಾಗ್ಲಿಗೆ ನೀರಾಕೋವಾಗ, ಇವತ್ತೊಂದಿನ ಹಾಕ್ಬುಟ್ರೆ ಸಾಕು ಅನ್ನಿಸ್ತದೆ.”

ನಾನು ಹಾಳೆಯಲ್ಲಿದ್ದ ಮುಂದಿನ ಸಾಲುಗಳನ್ನು ಓದಿದೆ. ನಿಮ್ಮ ಜೊತೆ ನಾವಿದ್ದೇವೆ, ಒಬ್ಬರೇ ಇರಬೇಡಿ, ಮನೆಯಲ್ಲಿ ನಂಬಿಕೆಯವರಿಗೆ ಹೇಳಿ, ನಾಳೆಯೇ ಆಸ್ಪತ್ರೆಗೆ ಹೋಗೋಣ... ಅಕ್ಕ ಒಂದೊಂದಕ್ಕೂ ತಲೆ ಆಡಿಸಿದರು. ಅಷ್ಟರಲ್ಲಿ ಮೈಸೂರಿನಿಂದ ಬಂದಿದ್ದ ಹಿರಿಯ ತರಬೇತುದಾರರು ಎದ್ದು ನಿಂತು ಚಪ್ಪಾಳೆ ಹೊಡೆದರು. ಹಾಲಿನಲ್ಲಿದ್ದವರೆಲ್ಲ ಹೊಡೆದರು. ನಾನು ಹಾಳೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎಲ್ಲರಿಗಿಂತ ಜೋರಾಗಿ ಹೊಡೆದೆ. ಅಕ್ಕ ನಕ್ಕು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಕಣ್ಣೀರು ಕೂಡ ಎಷ್ಟು ಸಲೀಸಾಗಿ ತರಿಸ್ತಾರೆ ನೋಡಿ ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಸಂಜೆ ಅತ್ಯುತ್ತಮ ಅಭಿನಯಕ್ಕೆಂದು ಅವರಿಗೆ ಸ್ಟೀಲ್ ಡಬ್ಬಿ ಬಹುಮಾನ ಕೊಟ್ಟು ಫೋಟೋ ತೆಗೆದೆವು.

ಬಹುಮಾನಕ್ಕೆ ಮುಂಚೆ, ಟೀ ಹೊತ್ತಿನಲ್ಲಿ, ನಾನು ಲೋಟ ತೊಳೆಯುತ್ತಿದ್ದಾಗ ಅಕ್ಕ ಪಕ್ಕಕ್ಕೆ ಬಂದು ನಿಂತರು. ತಮ್ಮ ಲೋಟವನ್ನೂ ನಲ್ಲಿಗೆ ಹಿಡಿದರು.

“ಮೇಡಮ್ಮೋರೆ, ಆಯಮ್ಮ ಆಮೇಕೆ ಏನಾಯ್ತಾಳೆ?”

ಯಾವ ಅಮ್ಮ ಎಂದೆ. ನಾನು ಆಡಿದೆನಲ್ಲ, ಆಯಮ್ಮ ಎಂದರು. ನಾನು ನಕ್ಕೆ. ಕಥೆ ಕಟ್ಟಿದವರು ನೀವು, ಮುಂದಿನದೂ ನಿಮ್ಮ ಕೈಯಲ್ಲೇ ಇದೆ ಅಕ್ಕ ಅಂದೆ. ಬಹಳ ಚೆನ್ನಾಗಿ ಮಾತಾಡಿದೆ ಎಂದು ನನಗೆ ಅನ್ನಿಸಿತ್ತು. ಅಕ್ಕ ಹೂಂಗುಟ್ಟಿ ಲೋಟ ತೊಳೆದಿಟ್ಟು ಹೋದರು.

ಸಂಜೆ ಎಲ್ಲರೂ ಹೋದ ಮೇಲೆ ಚೀಟಿಗಳನ್ನು ಡಬ್ಬಿಗೆ ತುಂಬುವಾಗ ಅಕ್ಕ ಮೇಜಿನ ಮೇಲೆ ಬಿಟ್ಟಿದ್ದ ಚೀಟಿ ಕೈಗೆ ಬಂತು. ಅದರಲ್ಲಿದ್ದದ್ದು ಎಪ್ಪತ್ತು ವರ್ಷದ ಗಂಡಸು, ಮರೆವು, ಮನೆ ದಾರಿ ತಪ್ಪುತ್ತಾರೆ ಎಂದು. ಹೆಂಗಸೂ ಇಲ್ಲ, ನಿದ್ದೆಗೇಡಿನ ಮಾತೂ ಇಲ್ಲ. ಅಕ್ಕ ಹೇಳಿದ ಒಂದು ಮಾತೂ ಆ ಚೀಟಿಯಲ್ಲಿರಲಿಲ್ಲ. ನಾನು ಅದನ್ನು ನೋಡಿದೆ, ಎರಡು ಸಲ ಓದಿದೆ. ಆಮೇಲೆ ವರದಿಯಲ್ಲಿ ಅಕ್ಕನ ಹೆಸರಿನ ಮುಂದೆ ‘ಕಲ್ಪನಾಶಕ್ತಿ ಚೆನ್ನಾಗಿದೆ’ ಎಂದು ಬರೆದೆ. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರೆ. ಇಲ್ಲಿ ಕತ್ತಲೇನೂ ಇರಲಿಲ್ಲ, ಎಲ್ಲ ಕಣ್ಣೆದುರೇ ಇತ್ತು, ನಾನೇ ಕುರುಡಿಯಾಗಿದ್ದೆ.

ಆರು ವಾರದ ಮೇಲೆ ಆ ಭಾಗದ ಇನ್ನೊಬ್ಬ ಆಶಾ ಫೋನ್ ಮಾಡಿದರು. “ಅಕ್ಕ ಓಗ್ಬುಟ್ರು ಮೇಡಂ. ತಾವಾಗೇ ಜೀವ ಕಳ್ಕಂಡ್ಬುಟ್ರು.” ಯಾವ ಅಕ್ಕ ಎಂದು ಕೇಳಿದೆ. ಡಬ್ಬಿ ಗೆದ್ದವರು ಎಂದರು. ಹೇಗೆ, ಏನು ಎಂದು ನಾನಿಲ್ಲಿ ಬರೆಯುವುದಿಲ್ಲ. ಊರಲ್ಲಿ ಅದನ್ನು ಕೇಳಲು ಬಂದವರೇ ಜಾಸ್ತಿ ಇದ್ದರು, ಯಾಕೆ ಎಂದು ಕೇಳಿದವರು ಕಡಿಮೆ.

ತಿಥಿಗೆ ಮುಂಚೆ ಒಂದು ದಿನ ಅವರ ಮನೆಗೆ ಹೋದೆ. ಗಂಡ ಜಗಲಿಯಲ್ಲಿ ಕೂತಿದ್ದರು. ವಯಸ್ಸಾದ ಅತ್ತೆ ಒಳಗೆ ಕರೆದು ಚಾಪೆ ಹಾಸಿದರು. ಮೂಲೆಯಲ್ಲಿ ಅಕ್ಕನ ರಿಜಿಸ್ಟರುಗಳು ಒಂದರ ಮೇಲೊಂದು ಅಚ್ಚುಕಟ್ಟಾಗಿದ್ದವು. ಕೂತು ತಲೆ ಎತ್ತಿದೆ. ಎದುರು ಗೋಡೆಯ ಮೊಳೆಯಲ್ಲಿ ಗಡಿಯಾರ ನೇತಾಡುತ್ತಿತ್ತು. ಅದರ ಬೆನ್ನು ನಮ್ಮ ಕಡೆಗಿತ್ತು.

ಅಡುಗೆಮನೆ ಕಡೆ ನೋಡಿದೆ, ಕೊಟ್ಟಿಗೆಯಲ್ಲಿ ಹಸು ಕೂಗುತ್ತಿತ್ತು, ಬಾಗಿಲ ಮುಂದೆ ನೀರು ಹಾಕದ ಒಣ ನೆಲ... ಆ ಮಧ್ಯಾಹ್ನ ಅಕ್ಕ ಒಂದೇ ಒಂದು ಸುಳ್ಳನ್ನೂ ಆಡಿರಲಿಲ್ಲ. ಗಡಿಯಾರ ಯಾಕೆ ಹೀಗಿದೆ ಎಂದು ಅತ್ತೆಯನ್ನು ಕೇಳಿದೆ.

“ಅವ್ಳೇ ಕಣವ್ವ ತಿರುಗ್ಸಿದ್ದು, ದೀಪಾವಳಿ ಕಳೀತಿದ್ದಂಗೆ. ಯಾಕಮ್ಮಿ ಅಂದ್ರೆ ಸೆಲ್ಲು ಓಗದೆ ಅಂದ್ಳು.”

ಗಡಿಯಾರ ಓಡುತ್ತಿತ್ತು. ಟಿಕ್ ಟಿಕ್ ಎನ್ನುವುದು ಚಾಪೆಯ ಮೇಲೆ ಕೂತಿದ್ದ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಅತ್ತೆಗೆ ಅದನ್ನು ಹೇಳಲಿಲ್ಲ. ಹೇಳುವ ಯೋಗ್ಯತೆ ನನಗೆಲ್ಲಿತ್ತು? ಅವರಿಗಾದರೂ ಅಕ್ಕ ಸೆಲ್ ಹೋಗಿದೆ ಎಂದಿದ್ದರು. ನನಗೆ ನಿಜವನ್ನೇ ಹೇಳಿದ್ದರು, ಇಪ್ಪತ್ತೊಂದು ಜನರ ಮುಂದೆ, ನನ್ನ ಪ್ರಶ್ನೆಗೇ ಉತ್ತರವಾಗಿ.

ಮಿಂಚಿ ಹೋದದ್ದಕ್ಕೆ ಚಿಂತಿಸಿ ಫಲವಿಲ್ಲ ಎಂದು ಆಫೀಸಿನಲ್ಲಿ ಸಮಾಧಾನ ಹೇಳಿದರು. ಅಭಿನಯ ಎಂದು ತಿಳಿದದ್ದರಲ್ಲಿ ನಮ್ಮ ತಪ್ಪೇನು ಎಂದರು ಹಿರಿಯ ತರಬೇತುದಾರರು. ಮುಂದಿನ ವಾರ ಅಚ್ಚಾಗಿ ಬಂದ ವರದಿಯಲ್ಲಿ ಅಕ್ಕ ಡಬ್ಬಿ ಹಿಡಿದು ನಗುತ್ತಿದ್ದರು. ಆ ಪುಟ ತೆರೆದು ಕೂತಾಗ ನನಗೆ ಅಳು ಬರಲಿಲ್ಲ, ಹೇಸಿಗೆಯಾಯಿತು, ನನ್ನ ಮೇಲೆ. ಎರಡು ತಿಂಗಳು ಕೆಲಸ ಬಿಟ್ಟು ನಾಗಮಂಗಲದ ತವರಿನಲ್ಲಿ ಕೂತೆ. ಆಮೇಲೆ ಮತ್ತೆ ಬಂದೆ.

ಈಗಲೂ ಇದೇ ಕೆಲಸ. ನನ್ನ ತರಬೇತಿಗಳಲ್ಲಿ ಪಾತ್ರಾಭಿನಯ ಇದೆ, ಚಪ್ಪಾಳೆ ಇಲ್ಲ. ಆಟ ಮುಗಿದ ಮೇಲೆ ಆಡಿದವರನ್ನು ಒಬ್ಬೊಬ್ಬರಾಗಿ ಹೊರಗೆ ಕರೆದು, ಹೇಳಿದ್ದರಲ್ಲಿ ನಿಮ್ಮದು ಎಷ್ಟು ಎಂದು ಕೇಳುತ್ತೇನೆ. ಬಹಳ ಜನ ಅಯ್ಯೋ ಇಲ್ಲ ಮೇಡಂ ಎಂದು ನಗುತ್ತಾರೆ. ಇದೊಂದು ಹುಚ್ಚು ಈಯಮ್ಮನಿಗೆ ಎಂದು ಆಡಿಕೊಳ್ಳುವುದೂ ಕಿವಿಗೆ ಬಿದ್ದಿದೆ, ಆಡಿಕೊಳ್ಳಲಿ.

ಹೋದ ತಿಂಗಳು ಪಾಂಡವಪುರದಲ್ಲಿ ಒಬ್ಬಾಕೆ ನಗಲಿಲ್ಲ. ಮೇಲುಕೋಟೆ ಕಡೆಯವರು, ಮೂವತ್ತೆರಡು ಮೂವತ್ತಮೂರು ಇರಬಹುದು. ನನ್ನ ಮುಖವನ್ನೇ ನೋಡಿ, ಎಲ್ಲಾ ನಂದೇ ಎಂದರು. ಅವತ್ತು ಅವರನ್ನು ಒಬ್ಬರೇ ಮನೆಗೆ ಕಳಿಸಲಿಲ್ಲ. ಮರುದಿನ ಅವರ ಗಂಡನನ್ನೂ ಕರೆದುಕೊಂಡು ಮನೋವೈದ್ಯರ ಹತ್ತಿರ ಹೋದೆವು. ಗಂಡ ಚೀಟಿ ಮಾಡಿಸಲು ಹೋದಾಗ ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು. ಇಂಗೆ ಕೇಳ್ಬೇಕು ಅಂತ ನಿಮ್ಗೆ ಯಾರ್ ಏಳ್ಕೊಟ್ರು ಎಂದು ಕೇಳಿದರು. ಶೀಳನೆರೆ ಕಡೆಯ ಒಬ್ಬ ಅಕ್ಕ ಎಂದೆ.

“ಈಗ ಎಲ್ಲವ್ರೆ ಮೇಡಂ? ನಾನೂ ಒಂದ್ಸಲಿ ಮಾತಾಡುಸ್ಬೇಕು.”

ಉತ್ತರ ಬಾಯಿಗೆ ಬಂತು, ನುಂಗಿದೆ. ಅದನ್ನು ಕೇಳಿಸಿಕೊಳ್ಳುವಷ್ಟು ಗಟ್ಟಿ ಅವರಿನ್ನೂ ಆಗಿರಲಿಲ್ಲ. ಹೇಳುವಷ್ಟು ಗಟ್ಟಿ ನಾನೂ ಆಗಿಲ್ಲ. ಬಹಳ ದೂರದಲ್ಲಿದ್ದಾರೆ ಎಂದೆ. ಅವರು ನಂಬಿದರು. ಅಷ್ಟರಲ್ಲಿ ಒಳಗಿನಿಂದ ಅವರ ಹೆಸರು ಕೂಗಿದರು, ಅವರು ಎದ್ದು ಬಾಗಿಲ ಕಡೆ ನಡೆದರು, ನಾನು ಹಿಂದೆಯೇ ಹೋದೆ.